ಎಡಗಡೆಯ ಸ್ಪೀಕರ್

ತೊಂಬತ್ತಾರನೆಯ ಇಸವಿಯಲ್ಲಿ, ಮದುವೆಯಾಗಿ ಎಂಟು ತಿಂಗಳಾದ ಮೇಲೆ, ನಾವು ಒಂದು ಸ್ಟೀರಿಯೊ ಕೊಳ್ಳಲು ಹೊರಟೆವು. ಹೊರಡಿಸಿದ್ದು ಇವರು. ಇವರು ಎಂದರೆ ನನ್ನ ಗಂಡ, ಹೆಸರು ಲೋಕನಾಥ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಬಿಟ್ಟು ಕರೆಯುವ ಹಾಗಿಲ್ಲ. ನಮ್ಮ ಮನೆಗಳ ಹೆಂಗಸರಿಗೆ ಅದು ಚಿಕ್ಕಂದಿನಲ್ಲೇ ಬಂದ ಪಾಠ. ಅಮ್ಮ ಅಪ್ಪನನ್ನು "ಕೇಳಿತಾ" ಎಂದು ಕರೆಯುತ್ತಿದ್ದಳು, ಅಜ್ಜಿ ಅಜ್ಜನ ಹಿಂದೆ ನಿಂತು ಕೆಮ್ಮುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೆಮ್ಮಲು ಮನಸ್ಸು ಬಾರದೆ, ಕರೆಯುವ ತಂಟೆಯನ್ನೇ ಬಿಟ್ಟು, ಹೇಳಬೇಕಾದ್ದನ್ನು ನೇರವಾಗಿ ಹೇಳಲು ಶುರು ಮಾಡಿಬಿಡುತ್ತಿದ್ದೆ.

ನಮ್ಮದು ಪಾಣೆಮಂಗಳೂರಿನಲ್ಲಿ ಬಾಡಿಗೆ ಮನೆ. ಇವರು ಬಿ.ಸಿ. ರೋಡಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ನೋಡಿಕೊಳ್ಳುತ್ತಿದ್ದರು, ನಾನು ದಿನಾ ಮೂಡಬಿದಿರೆಯ ಬಸ್ಸು ಹಿಡಿದು ಪುತ್ತಿಗೆಯ ಶಾಲೆಗೆ ಹೋಗಿ ಬರುತ್ತಿದ್ದೆ. ಅತ್ತೆ ವೇಣೂರಿನಲ್ಲಿ ದೊಡ್ಡ ಮಗನ ಜೊತೆಗಿದ್ದರು. ನಾವು ಈ ಮನೆಯಲ್ಲಿ ಹಾಲುಕ್ಕಿಸಿದ ದಿನ ಬಂದು, ಊಟ ಮಾಡಿ, ನನ್ನನ್ನು ಒಳಗೆ ಕರೆದು ಒಂದು ಬುದ್ಧಿ ಹೇಳಿ ಹೋದರು.

"ಹೆಂಡತಿಯಾದವಳು ಗಂಡನ ಎಡಗಡೆ ಇರ್ಬೇಕು ಯಶವಂತಿ. ನಡೆಯುವಾಗ್ಲೂ, ಕೂರುವಾಗ್ಲೂ, ಮಲಗುವಾಗ್ಲೂ. ಬಲಕ್ಕೆ ಹೋಗ್ಬಾರ್ದು. ಗೊತ್ತಾಯ್ತಲ್ಲ?"

ಶಾಸ್ತ್ರಗಳ ಮೇಲೆ ನನಗೆ ಅಂಥ ಭಕ್ತಿಯೇನೂ ಇಲ್ಲ. ಆದರೆ ಎಡಕ್ಕೆ ನಿಂತರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡು ಹೂಂ ಎಂದೆ. ಒಮ್ಮೆ ಹೂಂ ಎಂದ ಮೇಲೆ ತಪ್ಪುವವಳಲ್ಲ ನಾನು. ರಸ್ತೆಯಲ್ಲಿ ಎಡ, ಬಸ್ಸಿನಲ್ಲಿ ಎಡ, ಮದುವೆ ಮನೆಯ ಕುರ್ಚಿಯಲ್ಲಿ ಎಡ, ಮಂಚದಲ್ಲಿಯೂ ಎಡ.

ಇವರು ಕೆಟ್ಟವರಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಬಟ್ಟೆ ಒಗೆದರೆ ತಾವೇ ಹೋಗಿ ಒಣಗಲು ಹಾಕುತ್ತಿದ್ದರು. ತೊಂದರೆ ಒಂದೇ. ನಾನು ಮಾತಾಡಿದರೆ ಉತ್ತರ ಕೊಡುತ್ತಿರಲಿಲ್ಲ. ಯಾವಾಗಲೂ ಹೀಗೆ ಎಂದಲ್ಲ. ಎದುರುಬದುರು ಕೂತು ಉಣ್ಣುವಾಗ ಸಾರು ಹೇಗಿದೆ ಎಂದರೆ "ಚೆನ್ನಾಗುಂಟು" ಎನ್ನುತ್ತಿದ್ದರು. ಆದರೆ ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದ ಏನಾದರೂ ಕೇಳಿದರೆ ಉತ್ತರವಿಲ್ಲ, ರಸ್ತೆಯಲ್ಲಿ ನಡೆಯುತ್ತ ಹೇಳಿದರೆ ಉತ್ತರವಿಲ್ಲ. ಮಲಗಿದ ಮೇಲಂತೂ ಬಲಮಗ್ಗುಲಾಗಿ, ನನಗೆ ಬೆನ್ನು ಹಾಕಿ, ತಲೆಯನ್ನು ದಿಂಬಿನಲ್ಲಿ ಒತ್ತಿಕೊಂಡುಬಿಡುತ್ತಿದ್ದರು. ನನ್ನ ಶಾಲೆಯ ಸುದ್ದಿ, ತವರಿನ ಸುದ್ದಿ, ಒಮ್ಮೊಮ್ಮೆ ಪ್ರೀತಿಯ ಮಾತು, ಎಲ್ಲವನ್ನೂ ಆ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಮೊದಮೊದಲು, ಇಡೀ ದಿನ ಮೆಷಿನಿನ ಸದ್ದು ಕೇಳಿ ಬರುವವರು, ದಣಿದಿದ್ದಾರೆ ಎಂದುಕೊಂಡೆ. ಆಮೇಲೆ ಜಂಭ ಎಂದುಕೊಂಡೆ. ಕಡೆಗೆ, ನನ್ನನ್ನು ಇವರಿಗೆ ಇಷ್ಟವಿಲ್ಲ, ಯಾರದೋ ಒತ್ತಾಯಕ್ಕೆ ಮದುವೆಯಾಗಿದ್ದಾರೆ ಎಂದು ತೀರ್ಮಾನ ಮಾಡಿದೆ. ಗೋಡೆಯ ಹತ್ತಿರ ಮಾತಾಡುವ ಕರ್ಮ ನನಗೇನು ಎಂದು ಮಾತು ಕಡಿಮೆ ಮಾಡುತ್ತ ಬಂದೆ. ಮನೆಯಲ್ಲಿ ನನ್ನ ದನಿಗಿಂತ ಕುಕ್ಕರಿನ ಸೀಟಿಯೇ ಹೆಚ್ಚಾಯಿತು. ನಾನು ಬಹಳ ನೊಂದಿದ್ದೆ, ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನೆಂದು? ಹೊಡೆಯುತ್ತಾರೆ, ಬಡಿಯುತ್ತಾರೆ ಎಂದರೆ ಜನಕ್ಕೆ ಅರ್ಥವಾಗುತ್ತದೆ. ಉತ್ತರ ಕೊಡುವುದಿಲ್ಲ ಎಂದರೆ "ಅಷ್ಟೇನಾ?" ಎನ್ನುತ್ತಾರೆ.

ಹೀಗಿರುವಾಗ ಒಂದು ಸಂಜೆ ಊಟದ ಮೇಜಿನ ಆಚೆಯಿಂದ ಇವರು ತಾವಾಗಿ, "ನಾವೊಂದು ಸ್ಟೀರಿಯೊ ತೆಗೆದುಕೊಳ್ಳುವ. ನಿನ್ನ ಕ್ಯಾಸೆಟ್ಟುಗಳು ಸುಮ್ಮನೆ ಪೆಟ್ಟಿಗೆಯಲ್ಲುಂಟಲ್ಲ," ಎಂದರು. ತವರಿನಿಂದ ನಾನು ತಂದ ಪಿಟೀಲಿನ ಕ್ಯಾಸೆಟ್ಟುಗಳು ಅವು. ಅವುಗಳ ನೆನಪು ಇವರಿಗೆ ಇದೆ ಎಂಬುದೇ ನನಗೆ ಆಶ್ಚರ್ಯ. ನನ್ನ ನೆನಪು ಇಲ್ಲದವರಿಗೆ ನನ್ನ ಕ್ಯಾಸೆಟ್ಟಿನ ನೆನಪು!

ಶನಿವಾರ ನನಗೆ ಅರ್ಧ ದಿನ ಶಾಲೆ. ಇವರು ಮೂಡಬಿದಿರೆಗೆ ಬಂದರು, ಇಬ್ಬರೂ ಒಂದು ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ಒಳಗೆ ಸಾಲಾಗಿ ಮ್ಯೂಸಿಕ್ ಸಿಸ್ಟಂಗಳು. ಒಂದೊಂದರ ಮೈತುಂಬ ಲೈಟು, ಹಾಡು ಹಾಕಿದರೆ ಕೆಂಪು ಹಸಿರು ಪಟ್ಟಿಗಳು ಹಾರುತ್ತಿದ್ದವು. ಸೇಲ್ಸ್‌ಮನ್ ಒಂದರ ಮೇಲೆ ಕೈಯಿಟ್ಟು, "ಇದು ಸಾವಿರ ವ್ಯಾಟ್ ಮೇಡಂ," ಎಂದ.

ವ್ಯಾಟಿನ ವಿಷಯವನ್ನು ನನಗೆ ಹೇಳಲು ಬಂದದ್ದು ಅವನ ದುರದೃಷ್ಟ. ನಾನು ಸೆಟ್ಟಿನ ಹಿಂದೆ ಬಗ್ಗಿ ಅಲ್ಲಿ ಅಂಟಿಸಿದ್ದ ಚೀಟಿ ಓದಿದೆ. ಅದು ಎಳೆಯುವ ವಿದ್ಯುತ್ತು ನಲವತ್ತು ವ್ಯಾಟ್ ಎಂದು ಬರೆದಿತ್ತು.

"ನಲವತ್ತು ತಿಂದು ಸಾವಿರ ಕೊಡ್ತದಾ ಇದು?" ಎಂದು ಕೇಳಿದೆ. "ಹಾಗಾದ್ರೆ ಕರೆಂಟ್ ಆಫೀಸಿಗೇ ಒಂದು ಕೊಡಿ. ಊರಿನ ಪವರ್ ಕಟ್ ನಿಲ್ತದೆ."

ಸೇಲ್ಸ್‌ಮನ್ ಪೆಚ್ಚಾಗಿ, ಕಂಪೆನಿಯವರು ಹಾಗೆ ಲೆಕ್ಕ ಹಾಕುತ್ತಾರೆ ಮೇಡಂ ಎಂದ. ಇವರು ಒಂದು ಬದಿಗೆ ನಿಂತು ಮುಗುಳ್ನಗುತ್ತಿದ್ದರು. ಅಂಗಡಿಯ ಗದ್ದಲದಲ್ಲಿ ನನ್ನ ಮಾತು ಇವರಿಗೆ ಕೇಳಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಏನೂ ಕೊಳ್ಳದೆ ಬಸ್ಸು ಹತ್ತಿದೆವು.

ಆ ಬಸ್ಸಿನಲ್ಲಿ ಇವರಿಗೆ ಹೇಳಬೇಕೆಂದು ನಾನು ಒಂದು ವಿಷಯವನ್ನು ಮೂರು ದಿನಗಳಿಂದ ಇಟ್ಟುಕೊಂಡಿದ್ದೆ. ಶಾಲೆಯವರದೇ ಒಂದು ಹೆಣ್ಣುಮಕ್ಕಳ ಹಾಸ್ಟೆಲು ಮೂಡಬಿದಿರೆಯಲ್ಲಿತ್ತು. ಅದರ ವಾರ್ಡನ್ ಕೆಲಸ ಬಿಟ್ಟು ಹೋಗಿದ್ದರು. ಪಾಠದ ಜೊತೆ ಅದನ್ನೂ ವಹಿಸಿಕೊಳ್ಳಿ, ಅಲ್ಲೇ ಕೋಣೆ ಇದೆ, ಸೋಮವಾರ ಹೇಳಿ ಎಂದು ಹೆಡ್ಮಾಸ್ಟರರು ನನ್ನನ್ನು ಕೇಳಿದ್ದರು. ನನಗೆ ಹೋಗುವ ಆಸೆ ಇರಲಿಲ್ಲ. ಹೋಗಬೇಡ ಎಂದು ಇವರು ಒಂದು ಮಾತು ಹೇಳಲಿ ಎಂಬ ಆಸೆ ಇತ್ತು. ಬಸ್ಸು ಸಿದ್ದಕಟ್ಟೆ ದಾಟಿದ ಮೇಲೆ ಧೈರ್ಯ ಮಾಡಿದೆ. ನಾನು ಕಿಟಕಿಯ ಪಕ್ಕ, ಇವರ ಎಡಕ್ಕೆ ಕೂತಿದ್ದೆ.

"ಹಾಸ್ಟೆಲಿಗೆ ವಾರ್ಡನ್ ಆಗ್ಲಿಕ್ಕೆ ಕೇಳ್ತಿದ್ದಾರೆ. ಒಪ್ಪಿದ್ರೆ ವಾರ ಇಡೀ ಅಲ್ಲೇ ಇರ್ಬೇಕು, ಭಾನುವಾರ ಮಾತ್ರ ಮನೆಗೆ ಬರ್ಲಿಕ್ಕಾಗ್ತದೆ. ನೀವು ಎಂತ ಹೇಳ್ತೀರಿ?"

ಇವರು ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಿದ್ದರು. ನಾನು ಕಾದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ಬಹಳ ಸಂತೋಷದಿಂದ, "ಆ ಲೈಟಿನ ಸೆಟ್ಟು ಬೇಡ ಅಲ್ವಾ?" ಎಂದರು.

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಕಣ್ಣಲ್ಲಿ ನೀರು ಬಂದದ್ದನ್ನು ಇವರಿಗೆ ತೋರಿಸುವ ಮನಸ್ಸಿರಲಿಲ್ಲ. ಬಂಟ್ವಾಳ ಬರುವಷ್ಟರಲ್ಲಿ ನಿರ್ಧಾರವಾಗಿತ್ತು. ಸೋಮವಾರ ಹೆಡ್ಮಾಸ್ಟರರಿಗೆ ಹೂಂ ಎನ್ನುವುದು. ವಾರದ ಹೆಂಡತಿ ಮೆಲ್ಲಗೆ ತಿಂಗಳ ಹೆಂಡತಿಯಾಗುತ್ತಾಳೆ, ಆಮೇಲೆ ಹಬ್ಬಕ್ಕೆ ಬರುವ ಹೆಂಡತಿಯಾಗುತ್ತಾಳೆ. ಯಾರಿಗೂ ಏನೂ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ, "ಪೇಟೆಯಲ್ಲಿ ಹನೀಫಾಕನ ಅಂಗಡಿಯನ್ನೂ ಒಮ್ಮೆ ನೋಡುವ," ಎಂದು ಇವರು ಹೊರಟರು. ಬಿಟ್ಟು ಹೋಗುವವಳಿಗೆ ಯಾಕೆ ಸ್ಟೀರಿಯೊ ಎಂದು ಬಾಯಿಯ ತುದಿಗೆ ಬಂದಿತ್ತು. ನುಂಗಿಕೊಂಡು ಹೊರಟೆ. ಇಟ್ಟು ಹೋದರೆ ಇವರಾದರೂ ಕೇಳಿಕೊಂಡಿರಲಿ.

ಹನೀಫಾಕ, ಅಂದರೆ ಹನೀಫ ಕಾಕ, ಸೌದಿಯ ದಮ್ಮಾಮಿನ ಒಂದು ರೇಡಿಯೊ ಅಂಗಡಿಯಲ್ಲಿ ಹತ್ತು ಹನ್ನೆರಡು ವರ್ಷ ದುಡಿದು ಊರಿಗೆ ಬಂದವರು. ಅಂಗಡಿ ಪಾಣೆಮಂಗಳೂರಿನ ಪೇಟೆಯಲ್ಲಿ, ಒಂದು ಜವಳಿ ಅಂಗಡಿಯ ಪಕ್ಕ. ಮುಂದಿನ ಕೋಣೆಯಲ್ಲಿ ಮಿಕ್ಸಿ ಇಸ್ತ್ರಿಪೆಟ್ಟಿಗೆಗಳ ರಿಪೇರಿ, ಹಿಂದಿನ ಕೋಣೆಯಲ್ಲಿ ಅವರೇ ಜೋಡಿಸಿದ ಆಂಪ್ಲಿಫೈಯರುಗಳು, ಮೆಲ್ಕಾರಿನ ಬಡಗಿಯೊಬ್ಬರು ಮಾಡಿಕೊಟ್ಟ ಪ್ಲೈವುಡ್ಡಿನ ಸ್ಪೀಕರ್ ಪೆಟ್ಟಿಗೆಗಳು. ಮಾತು ಜಾಸ್ತಿಯ ಮನುಷ್ಯ. ಆ ದಿನ ಅದೂ ಒಂದು ಸಮಾಧಾನವೆನಿಸಿತು.

"ಮೊದಲು ಕೋಣೆ ಎಷ್ಟು ದೊಡ್ಡದು ಹೇಳಿ ಟೀಚರೇ, ಆಮೇಲೆ ಸೆಟ್ಟು," ಎಂದರು.

"ಹತ್ತು ಹನ್ನೆರಡರ ಕೋಣೆ."

"ಹಾಗಾದ್ರೆ ಆ ದೊಡ್ಡ ಪೆಟ್ಟಿಗೆಗಳ ಕಡೆ ನೋಡ್ಲೇಬೇಡಿ. ಅವು ಮದುವೆ ಹಾಲಿನವರಿಗೆ. ನಿಮ್ಮ ಕೋಣೆಗೆ ಒಂದೊಂದು ಬದಿಗೆ ಹದಿನೈದು ವ್ಯಾಟ್ ಧಾರಾಳ. ಅದೂ ಸರಿಯಾದ ಹದಿನೈದು, ದೊಡ್ಡ ಅಂಗಡಿಯವರ ಸಾವಿರ ಅಲ್ಲ." ಹಿಂದಿನ ದಿನದ ನನ್ನ ಜಗಳ ಅವರಿಗೆ ಯಾರು ಹೇಳಿದರೋ ಎಂದು ನನಗೆ ಅನುಮಾನ ಬಂತು. ಹನೀಫಾಕ ಮುಂದುವರಿಸಿದರು. "ಇನ್ನೊಂದು. ಇಟ್ಟುಕೊಂಡ ದುಡ್ಡಲ್ಲಿ ಹೆಚ್ಚಿನ ಪಾಲು ಸ್ಪೀಕರಿಗೆ ಹಾಕಿ. ಎಲ್ರೂ ಆಂಪ್ಲಿಫೈಯರಿನ ಲೈಟು ನೋಡಿ ಮರುಳಾಗ್ತಾರೆ. ಲೈಟು ಕಿವಿಗೆ ಕೇಳ್ತದಾ?"

ಅವರಲ್ಲಿ ಎರಡು ಬಗೆಯ ಆಂಪ್ಲಿಫೈಯರ್ ಇತ್ತು. ಒಂದಕ್ಕೆ ಸಾಲು ಗುಂಡಿಗಳು, ಅದರ ಕ್ರಯ ನಮ್ಮ ಕೈಗೆ ಮೀರಿದ್ದು. ಇನ್ನೊಂದು ಅಲ್ಯೂಮಿನಿಯಮ್ಮಿನ ಸಾದಾ ಡಬ್ಬ. ದನಿಗೆ ಒಂದು ಗುಂಡಿ, ಬೇಸ್‌ಗೆ ಒಂದು, ಟ್ರೆಬಲ್ಲಿಗೆ ಒಂದು, ಸದ್ದನ್ನು ಎಡಬಲಕ್ಕೆ ಸರಿಸಲು ಒಂದು. ಸ್ಪೀಕರುಗಳಲ್ಲಿ ನಮಗೆ ಎಟಕುವಂಥವು ಎರಡು ಜೋಡಿ. ಎಂಟು ಇಂಚಿನದು ಒಂದು, ಆರು ಇಂಚಿನದು ಇನ್ನೊಂದು. ಎಂಟು ಇಂಚಿನದು ನೋಡಲು ಗಂಭೀರವಾಗಿತ್ತು. ನಾನು ಚೀಲದಿಂದ ನನ್ನದೇ ಪಿಟೀಲಿನ ಕ್ಯಾಸೆಟ್ಟು ತೆಗೆದು ಕೊಟ್ಟೆ.

"ಹೀಗೆ ಬರ್ಬೇಕು ಗಿರಾಕಿ! ತಮ್ಮ ಕ್ಯಾಸೆಟ್ಟು ತಾವೇ ತರ್ಬೇಕು," ಎಂದು ಹನೀಫಾಕ ಸಂತೋಷಪಟ್ಟರು. ಎರಡು ಪೆಟ್ಟಿಗೆಗಳನ್ನು ಎರಡು ಸ್ಟೂಲಿನ ಮೇಲೆ ಇಟ್ಟು, ಎದುರಿಗೆ ನಡುವೆ ಒಂದು ಕುರ್ಚಿ ಹಾಕಿ, ನನ್ನನ್ನು ಕೂರಿಸಿದರು.

ಎಂಟು ಇಂಚಿನದರಲ್ಲಿ ಮೃದಂಗ ಎದೆಗೇ ಬಂದು ಬಡಿಯಿತು, ಪಿಟೀಲು ಮಾತ್ರ ಕಂಬಳಿ ಹೊದ್ದು ಬಾರಿಸಿದ ಹಾಗಿತ್ತು. ಹನೀಫಾಕ ತಂತಿ ಬದಲಿಸಿ ಆರು ಇಂಚಿನದನ್ನು ಹಾಕಿದರು. ಕಮಾನು ತಂತಿಯನ್ನು ಮುಟ್ಟುವ ಸಣ್ಣ ಕರಕರ ಕೂಡ ಕೇಳಿತು. ನನ್ನ ಎಡಗಡೆ ಪಿಟೀಲಿನವರು ಕೂತಿದ್ದರು, ಬಲಗಡೆ ಮೃದಂಗದವರು. ವರ್ಷಗಟ್ಟಲೆ ಅಪ್ಪನ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಕೇಳಿದ ಅದೇ ಕ್ಯಾಸೆಟ್ಟು. ಇಬ್ಬರು ಎರಡು ಕಡೆ ಕೂತಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ನಾನು ಸೋಮವಾರವನ್ನೂ ಮರೆತೆ.

"ಇದೇ ಸಾಕು. ಸಾದಾ ಡಬ್ಬ, ಸಣ್ಣ ಸ್ಪೀಕರ್," ಎಂದು ಎದ್ದೆ.

"ಲೋಕಣ್ಣ, ನೀವೂ ಕೂತು ಒಮ್ಮೆ ಕೇಳಿ," ಎಂದರು ಹನೀಫಾಕ.

"ಅವಳಿಗೆ ಸರಿ ಕಂಡ್ರೆ ಆಯ್ತು," ಎಂದು ಇವರು ಬಾಗಿಲ ಕಡೆ ಸರಿದರು.

"ಹಾಗಾಗುದಿಲ್ಲ. ಇಬ್ರೂ ಕೇಳಿ ಒಪ್ಪದೆ ಹನೀಫ ಮಾಲು ಕೊಡುದಿಲ್ಲ. ನಾಳೆ ನೀವಿಬ್ರೂ ಜಗಳಾಡಿ ವಾಪಸು ತರ್ತೀರಿ." ಅವರು ಇವರ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ದಮ್ಮಾಮಿನಿಂದ ತಂದ ಒಂದು ಪರೀಕ್ಷೆಯ ಕ್ಯಾಸೆಟ್ಟು ಹಾಕಿದರು. "ಕಣ್ಣು ಮುಚ್ಚಿ. ಈಗ ಒಂದು ರೈಲು ಬರ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಹೇಳ್ಬೇಕು."

ಎಡಗಡೆಯ ಪೆಟ್ಟಿಗೆಯಲ್ಲಿ ದೂರದ ಸೀಟಿ ಕೇಳಿತು. ರೈಲು ಹತ್ತಿರ ಬಂದು, ಕೋಣೆಯ ನಡುವಿನಿಂದ ದಡದಡ ಹಾದು, ಬಲಗಡೆಯ ಗೋಡೆಯಿಂದ ಹೊರಗೆ ಹೋಯಿತು. ನಾನು ನಿಂತಲ್ಲೇ ಕಾಲು ಹಿಂದಿಟ್ಟೆ, ಅಷ್ಟು ಚೆನ್ನಾಗಿತ್ತು.

"ಹೇಳಿ ಲೋಕಣ್ಣ."

"ದೂರದಿಂದ ಬಂತು... ಹತ್ತಿರ ಬಂತು. ಇಲ್ಲೇ ನಿಂತಿತು," ಎಂದು ಇವರು ಬಲಗಡೆ ಕೈ ತೋರಿಸಿದರು.

"ನಿಲ್ಲಲಿಲ್ಲ ಮಾರಾಯ್ರೆ! ಎಡದಿಂದ ಬಂದು ಬಲಕ್ಕೆ ದಾಟಿ ಹೋಯ್ತು. ಎಂತ ಇದು, ತಂತಿ ಅದಲುಬದಲಾಯ್ತಾ?" ಹನೀಫಾಕ ಸ್ಕ್ರೂಡ್ರೈವರ್ ಹಿಡಿದು ತಂತಿಗಳನ್ನು ಬಿಚ್ಚಿ, ಊದಿ, ಪುನಃ ಕಟ್ಟಿದರು. ಮತ್ತೆ ರೈಲು ಬಿಟ್ಟರು. ಇವರ ಉತ್ತರ ಅದೇ. ಹನೀಫಾಕ ಆಂಪ್ಲಿಫೈಯರನ್ನೇ ಬದಲಿಸಿ ದೊಡ್ಡದನ್ನು ಜೋಡಿಸಿದರು. ಇವರ ರೈಲು ಆಗಲೂ ಬಂದು ಬಲಗಡೆಯೇ ನಿಂತಿತು. ಕ್ಯಾಸೆಟ್ಟಿನಲ್ಲಿ ಮುಂದೆ ಒಂದು ಚೆಂಡು ಪುಟಿಯುವ ಸದ್ದಿತ್ತು, ಒಮ್ಮೆ ಎಡಕ್ಕೆ ಟೊಕ್, ಒಮ್ಮೆ ಬಲಕ್ಕೆ ಟೊಕ್. ಎಲ್ಲಿ ಕೇಳುತ್ತದೋ ಅಲ್ಲಿಗೆ ಬೆರಳು ತೋರಿಸಿ ಎಂದರು. ಇವರ ಬೆರಳು ಬಲಕ್ಕೇ ಹೋಯಿತು, ಪುನಃ ಬಲಕ್ಕೆ, ಒಮ್ಮೆ ಸುಮ್ಮನೆ ಎಡಕ್ಕೆ, ಪುನಃ ಬಲಕ್ಕೆ. ಹನೀಫಾಕ ನಕ್ಕುಬಿಟ್ಟರು.

"ಲೋಕಣ್ಣ ನನ್ನನ್ನು ತಮಾಷೆ ಮಾಡ್ತಿದ್ದಾರೆ ಟೀಚರೇ."

ನನಗೂ ಹಾಗೆಯೇ ಅನ್ನಿಸಿ ಮೈ ಉರಿಯಿತು. ನನ್ನ ಮಾತಿಗೆ ಗಮನ ಕೊಡದವರು ಚೆಂಡಿಗಾದರೂ ಯಾಕೆ ಕೊಡುತ್ತಾರೆ? ಬೈಯಲೆಂದೇ ಮುಖ ನೋಡಿದೆ. ಅದು ತಮಾಷೆಯ ಮುಖವಾಗಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದರು, ಹಣೆಯಲ್ಲಿ ಬೆವರಿತ್ತು. ಪಾಠ ಓದದೆ ಬಂದ ಹುಡುಗರನ್ನು ನಾನು ದಿನಾ ನೋಡುತ್ತೇನೆ. ಉತ್ತರ ಗೊತ್ತಿಲ್ಲದೆ, ಗೊತ್ತಿಲ್ಲ ಎನ್ನಲು ಹೆದರಿ, ಊಹೆಯ ಮೇಲೆ ಹೇಳುವವರ ಮುಖ ಹೀಗೆಯೇ ಇರುತ್ತದೆ.

"ಇನ್ನೊಮ್ಮೆ ರೈಲು ಹಾಕಿ ಹನೀಫಾಕ," ಎಂದೆ.

ರೈಲಿನ ಸದ್ದು ಶುರುವಾಯಿತು. ನಾನು ಕುರ್ಚಿಯ ಎಡಗಡೆ ಹೋಗಿ, ಇವರ ಕಿವಿಯಿಂದ ಎರಡು ಗೇಣು ದೂರ ನಿಂತು, ಸಾಮಾನ್ಯವಾಗಿ ಮಾತಾಡುವ ದನಿಯಲ್ಲಿ ಕರೆದೆ.

"ಲೋಕನಾಥ."

ಹನೀಫಾಕನ ಬಾಯಿ ತೆರೆದುಕೊಂಡಿತು. ಹೆಂಡತಿ ಗಂಡನ ಹೆಸರು ಹಿಡಿದು ಕರೆದದ್ದನ್ನು ಆ ಅಂಗಡಿ ಕಂಡಿರಲಿಕ್ಕಿಲ್ಲ. ಇವರು ಅಲುಗಲಿಲ್ಲ. ನಾನು ಮತ್ತೊಮ್ಮೆ ಕರೆದೆ. ರೆಪ್ಪೆ ಕೂಡ ಅಲುಗಲಿಲ್ಲ.

ನಾನು ಕುರ್ಚಿಯ ಹಿಂದಿನಿಂದ ಸುತ್ತಿ ಬಲಗಡೆ ಬಂದೆ. ಅದೇ ಎರಡು ಗೇಣು, ಅದೇ ದನಿ. "ಮೂಡಬಿದಿರೆ ಹಾಸ್ಟೆಲಿಗೆ ನಾನು ವಾರ್ಡನ್ ಆಗಿ ಹೋಗ್ತಿದ್ದೇನೆ. ನಾಳೆ ಒಪ್ಪಿಗೆ ಕೊಡ್ತೇನೆ. ಇನ್ನು ವಾರ ಇಡೀ ಅಲ್ಲೇ ಇರ್ತೇನೆ."

ಇವರು ಕಣ್ಣು ತೆರೆದರು. ಹನೀಫಾಕ ರೈಲನ್ನು ಅರ್ಧದಲ್ಲೇ ನಿಲ್ಲಿಸಿದರು.

"ಯಾವ ಹಾಸ್ಟೆಲು?" ಎಂದರು ಇವರು. "ಯಾಕೆ ಹೋಗ್ತೀ? ನನಗೊಂದು ಮಾತು ಹೇಳ್ಲೇ ಇಲ್ಲ ಅಲ್ವಾ ನೀನು?"

"ಹೇಳಿದ್ದೇನೆ. ನಿನ್ನೆ ಹೇಳಿದ್ದೇನೆ."

"ಎಲ್ಲಿ?"

"ಬಸ್ಸಿನಲ್ಲಿ."

ಇವರು ಎಡಗೈಯನ್ನು ಮೆಲ್ಲಗೆ ಎತ್ತಿ ಎಡಗಿವಿಯನ್ನು ಮುಚ್ಚಿ ಹಿಡಿದರು. "ನೀನು ಈ ಬದಿಯಲ್ಲಿ ಕೂತಿದ್ದಿ," ಎಂದರು.

ಅಷ್ಟರಲ್ಲಿ ಪೇಟೆಯ ಮಸೀದಿಯಿಂದ ಬಾಂಗ್ ಕೇಳಿತು. ಹನೀಫಾಕ ತಲೆಗೆ ಟೊಪ್ಪಿ ಹಾಕಿಕೊಂಡು, ನಮ್ಮಿಬ್ಬರ ಮುಖವನ್ನೂ ನೋಡದೆ, "ನಾನು ನಮಾಜು ಮುಗಿಸಿ ಬರ್ತೇನೆ. ನೀವು ಕೂತುಕೊಳ್ಳಿ. ಯಾರಾದ್ರೂ ಬಂದ್ರೆ ಮಾಲಕ ಇಲ್ಲ ಹೇಳಿ," ಎಂದು ಶಟರನ್ನು ಅರ್ಧ ಎಳೆದು ಹೋದರು.

ನಾನು ಬಲಗಡೆಯೇ ಒಂದು ಸ್ಟೂಲು ಎಳೆದು ಕೂತೆ. ಇವರು ಹೇಳಿದರು. ಮೂರನೆಯ ಕ್ಲಾಸಿನಲ್ಲಿದ್ದಾಗ ಮಂಗನಬಾವು ಬಂದಿತ್ತಂತೆ. ಬಾವು ಇಳಿಯಿತು, ಎಡಗಿವಿ ಅಂದಿನಿಂದ ಸತ್ತೇಹೋಯಿತು. ಮಂಗಳೂರಿನ ಡಾಕ್ಟರು ನೋಡಿ, ಇದಕ್ಕೆ ಮದ್ದಿಲ್ಲ, ಒಂದು ಕಿವಿಯಲ್ಲಿ ಬದುಕಬಹುದು ಎಂದಿದ್ದರು. ಬದುಕುತ್ತಲೂ ಇದ್ದರು. ಪ್ರೆಸ್ಸಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ.

"ನನ್ನನ್ನು ನೋಡ್ಲಿಕ್ಕೆ ಬಂದ ದಿನ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತಲೇ ಇದ್ದೆ. ಸಂಬಂಧ ಕುದುರಿಸಿದ ನಿತ್ಯಾನಂದ ಮಾವ ಬೇಡ ಅಂದ್ರು. ಒಂದು ಕಿವಿ ಕೇಳ್ತದಲ್ಲ, ಸುಮ್ಮನೆ ಯಾಕೆ ಸಂಬಂಧ ಹಾಳು ಮಾಡ್ತೀ ಅಂದ್ರು. ಹೇಳಿದ್ರೆ ನೀನು ಒಪ್ತಿದ್ದಿಯಾ?"

"ಗೊತ್ತಿಲ್ಲ," ಎಂದೆ. ಅದು ನಿಜವಾದ ಉತ್ತರ.

ಆಮೇಲೆ ನನಗೆ ಅತ್ತೆಯ ನೆನಪಾಗಿ ಸಿಟ್ಟು ನೆತ್ತಿಗೇರಿತು. "ಅತ್ತೆಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ನನ್ನನ್ನು ಎಡಕ್ಕೆ ನಿಲ್ಲಿಸಿ ಹೋದ್ರಾ? ನಡೆಯುವಾಗ ಎಡ, ಕೂರುವಾಗ ಎಡ, ಮಲಗುವಾಗ ಎಡ! ಎಂಟು ತಿಂಗಳು ನಾನು ಆ ಸತ್ತ ಕಿವಿಗೆ ಮಾತಾಡಿದ್ದೇನೆ!"

ಇವರು ಬೆರಗಾಗಿ ನೋಡಿದರು. ಅತ್ತೆಯ ಉಪದೇಶ ಇವರಿಗೂ ಹೊಸ ಸುದ್ದಿ. "ಅಮ್ಮನಿಗೆ ಶಾಸ್ತ್ರ ನೆನಪಿಗೆ ಬಂದಿರ್ತದೆ," ಎಂದರು. "ನನ್ನ ಕಿವಿ ನೆನಪಿಗೆ ಬಂದಿರ್ಲಿಕ್ಕಿಲ್ಲ."

"ಮಲಗುವಾಗ ನನಗೆ ಬೆನ್ನು ಹಾಕುದು?"

"ಒಳ್ಳೆ ಕಿವಿಯನ್ನು ದಿಂಬಿಗೆ ಒತ್ತಿದ್ರೆ ಏನೂ ಕೇಳುದಿಲ್ಲ. ಮೆಷಿನಿನ ಸದ್ದು ತಲೆಯಿಂದ ಹೋಗ್ತದೆ. ಸಣ್ಣದಿರುವಾಗಿನ ಅಭ್ಯಾಸ." ಆಮೇಲೆ ಮೆಲ್ಲಗೆ ಕೇಳಿದರು. "ಆಗ ನೀನು ಮಾತಾಡ್ತಿದ್ದಿಯಾ?"

"ಮಾತಾಡ್ತಿದ್ದೆ."

"ಎಂತ?"

ಅಂಗಡಿಯಲ್ಲಿ ಕೂತು ಹೇಳುವಂಥ ಮಾತುಗಳಲ್ಲ ಅವು. ಇವರು ಕೈಯಲ್ಲಿದ್ದ ಒಂದು ತಂತಿಯ ತುಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

"ನಾನು ಎಂತ ಗ್ರಹಿಸಿದ್ದೆ ಗೊತ್ತುಂಟಾ? ನೀನು ಮಾತೇ ಕಡಿಮೆಯವಳು ಅಂತ. ಬಂದ ಹೊಸದರಲ್ಲಿ ಊಟದ ಹೊತ್ತಿಗಾದ್ರೂ ನಾಲ್ಕು ಮಾತಾಡ್ತಿದ್ದಿ, ಆಮೇಲೆ ಅದೂ ನಿಂತಿತು. ಕಲಿತವಳು, ಪ್ರೆಸ್ಸಿನವನ ಹತ್ತಿರ ಎಂತ ಮಾತಾಡುದು ಅಂತ ಸುಮ್ಮನಿದ್ದಾಳೆ ಅಂದುಕೊಂಡೆ. ಮನೆಗೆ ಬಂದ್ರೆ ಸದ್ದೇ ಇಲ್ಲ. ಮನೆಯಲ್ಲಿ ಒಂದು ಸ್ವಲ್ಪ ಸದ್ದಾದ್ರೂ ಇರ್ಲಿ ಅಂತ ಈ ಸ್ಟೀರಿಯೊ. ಇಲ್ಲದಿದ್ರೆ ಒಂದು ಕಿವಿಯವನಿಗೆ ಎರಡು ಸ್ಪೀಕರ್ ಯಾಕೆ?"

ನನಗೆ ಅಳು ತಡೆಯಲಾಗಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನಡುವೆ ಕೂತು ಗಟ್ಟಿಯಾಗಿಯೇ ಅತ್ತೆ. ಮಾತಿನ ಮಲ್ಲಿ ಎಂದು ಶಾಲೆಯಲ್ಲಿ ಹೆಸರಾದವಳು ನಾನು. ಇವರ ಮನೆಯಲ್ಲಿ ನಾನು ಮಾತು ಕಡಿಮೆಯವಳಂತೆ!

"ಹಾಸ್ಟೆಲಿಗೆ ಹೋಗ್ಬೇಡ," ಎಂದರು ಇವರು.

"ಎಂತ ಹೇಳಿದ್ರಿ?"

"ಹೋಗ್ಬೇಡ. ನನಗೆ ನೀನು ಬೇಕು, ಹೋಗ್ಬೇಡ."

ಕೇಳಿಸಿತ್ತು ನನಗೆ. ಎರಡು ಕಿವಿಯೂ ಸರಿಯಿದ್ದವಳು, ಮೊದಲ ಸಲವೇ ಕೇಳಿಸಿತ್ತು. ಇನ್ನೊಮ್ಮೆ ಹೇಳಿಸಿಕೊಳ್ಳುವ ಆಸೆಗೆ ಕೇಳಿದ್ದು.

ಹನೀಫಾಕ ಬರುವಾಗ ಬೇಕೆಂದೇ ಶಟರನ್ನು ಗಡಗಡ ಸದ್ದು ಮಾಡಿ ಎತ್ತಿದರು. ಅವರಿಗೆ ವಿಷಯ ಅರ್ಥವಾಗಿತ್ತು. ಯಾವ ಕಿವಿ, ಏನಾಯಿತು ಎಂದು ಒಂದು ಮಾತೂ ಕೇಳಲಿಲ್ಲ, ನೇರವಾಗಿ ವ್ಯಾಪಾರಕ್ಕೆ ಬಂದರು. "ಲೋಕಣ್ಣ, ಒಂದು ಕೆಲಸ ಮಾಡುವ. ಎರಡೂ ಬದಿಯ ಸದ್ದನ್ನು ಒಂದಕ್ಕೇ ಸೇರಿಸಿ, ಒಂದೇ ಒಳ್ಳೆಯ ಸ್ಪೀಕರಿಗೆ ಕೊಡ್ತೇನೆ. ನಿಮಗೆ ಎಲ್ಲ ಸರಿಯಾಗಿ ಕೇಳ್ತದೆ. ಕ್ರಯವೂ ಕಡಿಮೆ ಬೀಳ್ತದೆ."

ನಾನು ಆಗಲಿ ಎನ್ನಲು ಬಾಯಿ ತೆರೆದೆ. ಇವರು ಬಿಡಲಿಲ್ಲ.

"ಬೇಡ ಹನೀಫಾಕ. ಎರಡೇ ಇರ್ಲಿ. ಅವಳಿಗೆ ಎರಡು ಕಿವಿ ಉಂಟಲ್ಲ," ಎಂದರು.

ಸಾದಾ ಡಬ್ಬ, ಆರು ಇಂಚಿನ ಎರಡು ಸ್ಪೀಕರ್, ಒಂದು ಟೇಪ್ ಡೆಕ್. ರಿಕ್ಷಾದಲ್ಲಿ ಮನೆಗೆ ತಂದೆವು. ಜೋಡಿಸುವುದು ಮಾತ್ರ ಆ ದಿನ ಆಗಲಿಲ್ಲ, ಮಾತಿನಲ್ಲೇ ಹೊತ್ತು ಹೋಯಿತು. ಅರ್ಧ ಜಗಳ, ಅರ್ಧ ಮಾತು. ಅತ್ತೆಗೂ ನಿತ್ಯಾನಂದ ಮಾವನಿಗೂ ನಾನು ಇಟ್ಟುಕೊಂಡ ಸಿಟ್ಟು ಒಂದೇ ದಿನಕ್ಕೆ ಇಳಿಯುವಂಥದ್ದಲ್ಲ, ಅದು ಇವರಿಗೂ ಗೊತ್ತಿತ್ತು.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ಟರರ ಕೋಣೆಗೆ ಹೋದೆ. ಅವರು ಹಾಸ್ಟೆಲಿನ ಬೀಗದಕೈಗಳ ಗೊಂಚಲನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದರು.

"ಇಲ್ಲ ಸರ್, ಆಗುದಿಲ್ಲ," ಎಂದೆ. "ಮನೆಯಲ್ಲಿ ಕೇಳಿದೆ. ಇವರು ಬೇಡ ಅಂದ್ರು."

ಹೆಡ್ಮಾಸ್ಟರರಿಗೆ ಬೇಸರವಾಯಿತು. ಕನ್ನಡಕ ತೆಗೆದು, ಪಾಪ ಎನ್ನುವ ಹಾಗೆ ನನ್ನನ್ನು ನೋಡಿದರು. ಇಷ್ಟು ಕಲಿತ ಹೆಣ್ಣುಮಕ್ಕಳೂ ಗಂಡ ಬೇಡ ಎಂದರೆ ಅಲ್ಲಿಗೇ ನಿಲ್ಲಬೇಕಲ್ಲ ಟೀಚರ್ ಎಂದು ಮರುಗಿದರು. ಬೇರೆ ದಿನವಾಗಿದ್ದರೆ ಅವರಿಗಿಂತ ಹೆಚ್ಚು ನಾನೇ ಮರುಗುತ್ತಿದ್ದೆ, ಭಾಷಣವನ್ನೇ ಬಿಗಿಯುತ್ತಿದ್ದೆ.

"ಹೌದು ಸರ್," ಎಂದೆ. "ಬೇಡವೇ ಬೇಡ ಅಂದ್ರು." ಅವರು ಕೇಳುತ್ತ ಕೂತಿದ್ದರೆ ಮೂರನೆಯ ಸಲವೂ ಹೇಳುತ್ತಿದ್ದೆ.